ಕಣದ ಕೆಲಸಕ್ಕೆ ಒಬ್ಬ ಆಳು ಇದ್ದಾನೆ: ಜಿಲ್ಲಾಧಿಕಾರಿಗಳಿಗೂ ತೋಟದ ಸಾಹುಕಾರರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಕೊಡಗು ಜಿಲ್ಲಾಧಿಕಾರಿಗಳಿಗೆ, ಮತ್ತು ನಮ್ಮ ಜಿಲ್ಲೆಯ ಕಾಫಿ ತೋಟದ ಸಾಹುಕಾರರಿಗೆ,

ನಮಸ್ಕಾರ.

ನಾನು 31 ವರ್ಷ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಬೆಳಿಗ್ಗೆ ಏಳೂವರೆಗೆ ಹಾಜರಿ, ಸಂಜೆ ತೂಕ, ಶನಿವಾರ ಬಟವಾಡೆ. ಬೇರೆಯವರ ಹೆಸರು ಬರೆಯುವುದರಲ್ಲೇ ನನ್ನ ಆಯಸ್ಸು ಕಳೆಯಿತು. ಈ ಪತ್ರ ಒಬ್ಬ ಆಳಿನ ಹೆಸರನ್ನು ಹೊಡೆದು ಹಾಕಿದ್ದರ ಬಗ್ಗೆ. ಹೊಡೆದು ಹಾಕಿದ್ದು ನಾನೇ.

ಅವನ ಹೆಸರು, ತೋಟದ ಹೆಸರು, ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ತೋಟದ ಮರ್ಯಾದೆ ಉಳಿಸೋಣ ಅಂತ ಅಲ್ಲ. ಅವನ ಹೆಸರು ಸಂತೆಯಲ್ಲಿ ಆಗಲೇ ಬೇಕಾದಷ್ಟು ಓಡಾಡಿದೆ. ನಾನೂ ಒಂದು ಸುತ್ತು ಓಡಿಸುವುದು ಬೇಡ.

ಅವನು ನಮ್ಮ ತೋಟದ ಲೈನ್ ಮನೆಯಲ್ಲೇ, ಅಂದರೆ ಆಳುಗಳ ಸಾಲು ಮನೆಯಲ್ಲೇ, ಹುಟ್ಟಿ ಬೆಳೆದವನು. ತಾಯಿ ಇವತ್ತಿಗೂ ಕೊಯ್ಲಿಗೆ ಹೋಗುತ್ತಾರೆ. ಮರಗಸಿಗೆ ಅವನಂಥ ಆಳು ಸುತ್ತ ನಾಲ್ಕು ತೋಟದಲ್ಲಿ ಇರಲಿಲ್ಲ. ಮರದ ತುದಿಯಲ್ಲಿ ನಿಂತು, ಯಾವ ಕೊಂಬೆ ತೆಗೆದರೆ ಕೆಳಗಿನ ಗಿಡಕ್ಕೆ ಎಷ್ಟು ಬಿಸಿಲು ಬೀಳುತ್ತದೆ ಅಂತ ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. ಮೆಣಸಿನ ಬಳ್ಳಿಗೆ ರೋಗ ಬಂದರೆ ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

2021ರ ಹುತ್ತರಿ ಕಳೆದು ಎರಡು ಮೂರು ವಾರ ಆಗಿರಬೇಕು. ಕೊಯ್ಲಿನ ಗಡಿಬಿಡಿ. ಅವನು ನಿದ್ದೆ ಬಿಟ್ಟಿದ್ದ. ರಾತ್ರಿಯೆಲ್ಲ ಲೈನಿನ ಮುಂದೆ ಆ ಕಡೆಯಿಂದ ಈ ಕಡೆ ನಡೆಯುತ್ತಿದ್ದ. ಸ್ಪ್ರಿಂಕ್ಲರ್ ಪೈಪಿನೊಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಅಂದ. ಮೇಸ್ತ್ರಿ ಚಹಾಕ್ಕೆ ಏನೋ ಬೆರೆಸುತ್ತಾನೆ ಅಂದ. ತಾಯಿ ನನ್ನ ಹತ್ತಿರ ಬಂದರು. "ರೈಟ್ರೇ, ಹುಡುಗನಿಗೆ ಯಾರೋ ಏನೋ ಮಾಡಿಸಿದ್ದಾರೆ. ಎರಡು ಸಾವಿರ ಅಡ್ವಾನ್ಸ್ ಕೊಡಿ, ಒಬ್ಬರ ಹತ್ರ ಹೋಗಿ ನೂಲು ಕಟ್ಟಿಸ್ಕೊಂಡು ಬರ್ತೀನಿ" ಅಂದರು. ಕೊಟ್ಟೆ. ಪುಸ್ತಕದಲ್ಲಿ 'ಆರೋಗ್ಯದ ಖರ್ಚು' ಅಂತ ಬರೆದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ಅದೇ ವಾರ ಮೂರು ರಾತ್ರಿ ಅವನು ರಸ್ತೆಯಲ್ಲೇ ಇದ್ದ. ಆನೆ ದಾಟುವ ರಸ್ತೆ ಅದು. ಕಾಲಿಗೆ ಚಪ್ಪಲಿ ಇಲ್ಲ, ಡಿಸೆಂಬರಿನ ಚಳಿಗೆ ಮೈಮೇಲೆ ಒಂದು ಬನಿಯನ್. ಹುಡುಗರು ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಅಂಗಡಿಯವರು ನೀರು ಎರಚಿ ಓಡಿಸಿದರು. ನಾನು ಬೈಕಿನಲ್ಲಿ ಅವನ ಪಕ್ಕದಲ್ಲೇ ಎರಡು ಸಲ ಹಾದು ಹೋದೆ.

ಶನಿವಾರ ಸಂಜೆ ತೂಕದ ಹೊತ್ತಿಗೆ ಅವನು ಗೋಡೌನ್ ಹತ್ತಿರ ಬಂದ. ಮೇಸ್ತ್ರಿ ಎಲ್ಲರೆದುರಿಗೆ "ಏ ಹುಚ್ಚಾ, ಸಾಲಲ್ಲಿ ನಿಲ್ಲು" ಅಂದ. ಅವನು ಕತ್ತಿ ತಿರುಗಿಸಿ ಅದರ ಹಿಂಬದಿಯಿಂದ ಎರಡು ಏಟು ಹೊಡೆದ. ಮೇಸ್ತ್ರಿಯ ಬಲಗೈ ಮೂಳೆ ಮುರಿಯಿತು. ಆಳುಗಳು ಸೇರಿ ಅವನನ್ನು ಹಗ್ಗದಲ್ಲಿ ಕಂಬಕ್ಕೆ ಕಟ್ಟಿದರು. ಠಾಣೆಗೆ ಫೋನ್ ಮಾಡಿದ್ದು ನಾನು.

ನಿವೃತ್ತನಾದ ಮೇಲೆ ಪುರುಸೊತ್ತು ಸಿಕ್ಕಿತು, ಕಾನೂನು ಓದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ 100ನೇ ಕಲಂ ಅಂತ ಒಂದಿದೆ. ಮಾನಸಿಕ ಕಾಯಿಲೆ ಇದ್ದು ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರು ಕಂಡರೆ, ಠಾಣಾಧಿಕಾರಿ ಅವರನ್ನು ರಕ್ಷಣೆಗೆ ತೆಗೆದುಕೊಳ್ಳಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋಗಬೇಕು. ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ. ಅಂದರೆ ಬುಧವಾರ ರಾತ್ರಿ ಫೋನ್ ಮಾಡಿದ್ದರೆ ಅದೇ ಪೊಲೀಸ್ ಜೀಪು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿತ್ತು. ನಾನು ಶನಿವಾರ ಮಾಡಿದೆ, ಜೈಲಿಗೆ ಹೋಯಿತು. ಮೇಸ್ತ್ರಿಯ ಕೈಯೂ ಉಳಿಯುತ್ತಿತ್ತು ಅನ್ನುವುದು ಬೇರೆ ಮಾತು. ಬೇರೆ ಮಾತು ಏನು, ಅದೇ ಮಾತು.

ಪೊಲೀಸರು ನನ್ನ ಹೇಳಿಕೆ ಬರೆದುಕೊಂಡರು. ಯಾವಾಗ, ಎಲ್ಲಿ, ಯಾವ ಆಯುಧ, ಎಲ್ಲ ಹೇಳಿದೆ. ಹತ್ತು ದಿನದಿಂದ ಅವನು ಕಣ್ಣು ಮುಚ್ಚಿಲ್ಲ ಅಂತ ಮಾತ್ರ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಬುದ್ಧಿ ಸ್ಥಿಮಿತ ತಪ್ಪಿದಾಗ ಏನು ಮಾಡುತ್ತಿದ್ದೇನೆ ಅಂತ ತಿಳಿಯದೆ ಮಾಡಿದ್ದು ಅಪರಾಧವಲ್ಲ ಅಂತ ಆಗ ಐಪಿಸಿ 84ರಲ್ಲಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 22ರಲ್ಲಿದೆ. ಅದು ಅವನಿಗೆ ಅನ್ವಯಿಸುತ್ತಿತ್ತೋ ಇಲ್ಲವೋ, ಹೇಳಬೇಕಾದವರು ಡಾಕ್ಟರು ಮತ್ತು ನ್ಯಾಯಾಧೀಶರು. ಆದರೆ ಆ ಪ್ರಶ್ನೆ ಎದ್ದೇ ಇಲ್ಲ.

ಇನ್ನು ಜಾಮೀನು. ಮೂಳೆ ಮುರಿದಿತ್ತು, ಆಯುಧ ಬೇರೆ, ಜಾಮೀನು ಸುಲಭಕ್ಕೆ ಸಿಗದ ಸೆಕ್ಷನ್ ಬಿತ್ತು. ಕೊನೆಗೆ ಸಿಕ್ಕಾಗ ಶ್ಯೂರಿಟಿ ಕೊಡುವವರು ಬೇಕು, ಅವರ ಹೆಸರಲ್ಲಿ ಆರ್‌ಟಿಸಿ, ಅಂದರೆ ಜಮೀನಿನ ಪಹಣಿ, ಇರಬೇಕು. ಲೈನ್ ಮನೆಯವರ ಹೆಸರಲ್ಲಿ ಎಲ್ಲಿಯ ಆರ್‌ಟಿಸಿ ಸ್ವಾಮಿ? ಅವರು ಮಲಗುವ ಜಾಗವೇ ಸಾಹುಕಾರರದ್ದು. ನನ್ನ ಹೆಸರಲ್ಲಿ ಎರಡು ಎಕರೆ ಇತ್ತು. ತಾಯಿ ಬಂದು ಕೇಳಿದರು. "ಮನೇಲಿ ಕೇಳಿ ಹೇಳ್ತೀನಿ" ಅಂದೆ. ಮನೆಯಲ್ಲಿ ಕೇಳಲೇ ಇಲ್ಲ.

ಒಂಬತ್ತು ತಿಂಗಳು ಒಳಗಿದ್ದ. ಕೊನೆಗೆ ತಪ್ಪೊಪ್ಪಿಕೊಂಡ, ಒಳಗೆ ಕಳೆದ ದಿನಗಳೇ ಶಿಕ್ಷೆ ಅಂತ ಆಯಿತು. 2022ರ ಸೆಪ್ಟೆಂಬರಿನಲ್ಲಿ, ಕೈಲ್ ಪೊಳ್ದ್ ಹಬ್ಬ ಮುಗಿದ ವಾರ, ಹೊರಗೆ ಬಂದ. ಜೈಲಿನೊಳಗೆ ಯಾರೋ ಒಬ್ಬ ಡಾಕ್ಟರು ಅವನನ್ನು ಗಮನಿಸಿ ಮಾತ್ರೆ ಶುರು ಮಾಡಿದ್ದರು. ಆ ಪುಣ್ಯಾತ್ಮರಿಗೆ ಕೈಮುಗಿಯುತ್ತೇನೆ. ಅವನ ಕಿವಿಯೊಳಗಿನ ಮಾತು ನಿಂತದ್ದು ಅಲ್ಲಿ. ಆದರೆ ಗೇಟಿನಿಂದ ಹೊರಗೆ ಬಂದಾಗ ಕೈಯಲ್ಲಿದ್ದದ್ದು ಒಂದು ಬಟ್ಟೆ ಚೀಲ, ಐದು ದಿನದ ಮಾತ್ರೆ. ಆರನೇ ದಿನ ಎಲ್ಲಿಗೆ ಹೋಗಬೇಕು ಅಂತ ಯಾರೂ ಒಂದು ಚೀಟಿ ಬರೆದು ಕೊಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಹಾಜರಿಗೆ ಬಂದು ಸಾಲಿನ ಕೊನೆಯಲ್ಲಿ ನಿಂತ. ಸ್ನಾನ ಮಾಡಿ ತಲೆ ಬಾಚಿಕೊಂಡಿದ್ದ. ನಾನು ಸಾಹುಕಾರರಿಗೆ ಫೋನ್ ಮಾಡಿದೆ. "ನೀವೇ ನೋಡ್ಕೊಳ್ಳಿ ರೈಟ್ರೇ" ಅಂದರು. ನಾನು ನೋಡಿಕೊಂಡೆ. ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಅವನ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ. "ಸ್ವಲ್ಪ ದಿನ ಹೋಗಲಿ" ಅಂದೆ. ಆ ಸ್ವಲ್ಪ ದಿನಕ್ಕೆ ಈಗ ಮೂರು ವರ್ಷ.

ಸಾಹುಕಾರರೇ, ಇಲ್ಲಿ ನಿಮ್ಮ ಹತ್ತಿರ ಒಂದು ಮಾತು. ನಾವು ಬೆಳಗಾದರೆ ಮಾತಾಡುವುದು ಒಂದೇ, ಆಳು ಸಿಗಲ್ಲ. ಅಸ್ಸಾಮಿನಿಂದ ರೈಲಿನಲ್ಲಿ ಜನ ಕರೆಸುತ್ತೇವೆ. ಅವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು, ಅವರು ಊರಲ್ಲಿ ಏನು ಮಾಡಿ ಬಂದವರು ಅಂತಲೂ ಗೊತ್ತಿಲ್ಲ. ಆದರೂ ಕೆಲಸ ಕೊಡುತ್ತೇವೆ, ಕೊಡಬೇಕಾದದ್ದೇ. ತೋಟದ ಒಂದೊಂದು ಗಿಡ ಗೊತ್ತಿರುವ ಮನುಷ್ಯ ಮಾತ್ರ ಗೇಟಿನ ಹೊರಗೆ. ಕಾಫಿಗೆ ಒಳ್ಳೆ ರೇಟು ಬಂದ ವರ್ಷವೂ ಹೊರಗೇ.

ನಿಮ್ಮ ಭಯ ಸುಳ್ಳು ಅಂತ ಹೇಳುವುದಿಲ್ಲ. ಮೇಸ್ತ್ರಿಯ ಕೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಮೊನ್ನೆ ಅವರನ್ನೇ ಕೇಳಿದೆ. "ಅವನು ಕೆಲಸ ಮಾಡ್ಲಿ ರೈಟ್ರೇ, ನಾನು ಬೇಡ ಅನ್ನಲ್ಲ. ನನ್ನ ಕೈಕೆಳಗೆ ಮಾತ್ರ ಬೇಡ. ಕತ್ತಿ ನೋಡಿದ್ರೆ ಇನ್ನೂ ಮೈ ಜುಮ್ಮನ್ನುತ್ತೆ" ಅಂದರು. ಇದು ನ್ಯಾಯವಾದ ಮಾತು. ಇದಕ್ಕೆ ದಾರಿಯಿದೆ. ಬೇರೆ ತೋಟ, ಬೇರೆ ಮೇಸ್ತ್ರಿ, ಕತ್ತಿ ಇಲ್ಲದ ಕೆಲಸ.

ಆದರೆ ಮಾನಸಿಕ ಕಾಯಿಲೆ ಇದ್ದವರೆಲ್ಲ ಹೊಡೆಯುವವರು ಅನ್ನುವುದು ಮಾತ್ರ ಸುಳ್ಳು. ಹೆಚ್ಚಿನವರು ಯಾರ ತಂಟೆಗೂ ಹೋಗುವುದಿಲ್ಲ, ಹೊಡೆಸಿಕೊಳ್ಳುವುದೇ ಜಾಸ್ತಿ. ಅಪಾಯ ಏರುವುದು ಔಷಧಿ ಇಲ್ಲದಾಗ, ಮೇಲೆ ಕುಡಿತ ಸೇರಿದಾಗ. ಕುಡಿತ ಅಂದಾಗ ನೆನಪಾಯಿತು, ಬಟವಾಡೆಯ ರಾತ್ರಿ ಹೆಂಡತಿಯ ತಲೆ ಒಡೆದು ಸೋಮವಾರ ಹಾಜರಿಗೆ ನಿಂತ ಎಷ್ಟು ಗಂಡಸರ ಹೆಸರು ನಾನು ಬರೆದಿಲ್ಲ! ಅವರ ಹೆಸರಿನ ಮೇಲೆ ಯಾವತ್ತೂ ಸ್ಕೇಲ್ ಇಟ್ಟವನಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಗಳಲ್ಲಿ ಇದ್ದವರನ್ನು ನೆನಪಿಸಿಕೊಳ್ಳಿ. ಮಳೆ ಸದ್ದಿಗೆ ಎದ್ದು ಕೂರುತ್ತಿದ್ದರು, ಊಟ ಸೇರುತ್ತಿರಲಿಲ್ಲ, ಸುಮ್ನೆ ಅಳುತ್ತಿದ್ದರು. ಸಾಂತ್ವನ ಹೇಳುವವರು ಬಂದರು, ಜನ ಬಾಯಿಬಿಟ್ಟು ಹೇಳಿಕೊಂಡರು. ಆಗ ಯಾರೂ ಯಾರನ್ನೂ ಹುಚ್ಚ ಅನ್ನಲಿಲ್ಲ. ಕಾರಣ ಕಣ್ಣಿಗೆ ಕಾಣುತ್ತಿತ್ತು, ಅಲ್ವಾ? ಇವನದ್ದು ತಲೆಯೊಳಗಿನ ಕುಸಿತ.

ಈ ಮೂರು ವರ್ಷ ಅವನು ಏನು ಮಾಡಿದ ಅಂತ ಹೇಳಬೇಕು. ಇಲ್ಲಿ ಕೆಲಸ ಇಲ್ಲದ್ದಕ್ಕೆ ಪಿರಿಯಾಪಟ್ಟಣ, ಹುಣಸೂರು ಕಡೆ ಶುಂಠಿ ಹೊಲಕ್ಕೆ ಹೋದ. ಅಲ್ಲಿ ಯಾರಿಗೂ ಗೊತ್ತಿಲ್ಲ, ಅದೇ ಸಮಾಧಾನ. ಆದರೆ ಯಾರಿಗೂ ಗೊತ್ತಾಗಬಾರದು ಅಂದರೆ ಶೆಡ್ಡಿನಲ್ಲಿ ಹತ್ತು ಜನರ ಎದುರು ಮಾತ್ರೆ ನುಂಗುವಂತಿಲ್ಲ. ಆಸ್ಪತ್ರೆಗೆ ಅಂತ ರಜೆ ಕೇಳುವಂತಿಲ್ಲ. ಕಳೆದ ವರ್ಷ ಮಾತ್ರೆ ಬಿಟ್ಟೇಬಿಟ್ಟ. ಮೂರು ವಾರಕ್ಕೆ ಮತ್ತೆ ನಿದ್ದೆ ಹೋಯಿತು. ಈ ಸಲ ತಾಯಿ ಅಡ್ವಾನ್ಸ್ ಕೇಳಲಿಲ್ಲ, "ರೈಟ್ರೇ, ಶುರುವಾಯ್ತು" ಅಂದರು ಅಷ್ಟೇ. ನಾನು 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್ 10ಕ್ಕೆ ಶುರುವಾದ ಸಹಾಯವಾಣಿ, ದುಡ್ಡಿಲ್ಲ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದಳು. ಎಷ್ಟು ದಿನದಿಂದ ನಿದ್ದೆ ಇಲ್ಲ, ಊಟ ಮಾಡ್ತಾನಾ, ಯಾರಿಗಾದ್ರೂ ಹೊಡೀತೀನಿ ಅಂತಾನಾ, ಎಲ್ಲ ಕೇಳಿದಳು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದಳು. ಹೋದೆವು. ಹನ್ನೆರಡು ದಿನಕ್ಕೆ ಮನುಷ್ಯ ಸರಿಯಾದ. ಯಾರ ಮೂಳೆಯೂ ಮುರಿಯಲಿಲ್ಲ. ಇದು ಸುದ್ದಿಯಾಗುವುದಿಲ್ಲ ನೋಡಿ.

ನನಗೆ ಅರ್ಥವಾದದ್ದು ಇಷ್ಟು. ಮಾತ್ರೆ ಇದ್ದರೆ ಅವನು ಕೆಲಸ ಮಾಡುತ್ತಾನೆ. ಗೊತ್ತಿರುವವರ ನಡುವೆ ಕೆಲಸ ಇದ್ದರೆ ಮಾತ್ರೆ ತಪ್ಪುವುದಿಲ್ಲ. ಎರಡರಲ್ಲಿ ಒಂದನ್ನು ಕಿತ್ತುಕೊಂಡು ಇನ್ನೊಂದು ನಿಲ್ಲಲಿ ಅಂದರೆ ನಿಲ್ಲುವುದಿಲ್ಲ.

ಈಗ ತಾಯಿಯ ಮಂಗಳವಾರದ ಲೆಕ್ಕ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಒಳ್ಳೆ ಕೆಲಸ, ಬೆಂಗಳೂರಿನ ನಿಮ್ಹಾನ್ಸ್‌ಗೆ ಓಡಬೇಕಿಲ್ಲ. ಆದರೆ ಲೈನ್ ಮನೆಯಿಂದ ಬಸ್ಸಿನ ರಸ್ತೆಗೆ ನಾಲ್ಕು ಕಿಲೋಮೀಟರ್ ನಡಿಗೆ, ಆಮೇಲೆ ಎರಡು ಬಸ್. ಮಗನ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಹೋದರೆ ಇವರದ್ದೂ ಹೋಯಿತು. ಅಷ್ಟು ಮಾಡಿ ಹೋದರೆ ಕೆಲವೊಮ್ಮೆ ಒಂದು ಮಾತ್ರೆ ಇರುತ್ತದೆ, ಇನ್ನೊಂದು ಖಾಲಿ. ಹೊರಗೆ ತಗೊಳ್ಳಿ ಅನ್ನುತ್ತಾರೆ. ತಾಯಿ ಮಾತ್ರೆಗಳನ್ನು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಇಡುತ್ತಾರೆ, ಇಲಿ ಕಾಟಕ್ಕೆ. ಓದು ಬರಹ ಇಲ್ಲ. ಮುಂದಿನ ಮಂಗಳವಾರಕ್ಕೆ ಎಷ್ಟು ರಾತ್ರಿ ಇದೆಯೋ ಅಷ್ಟು ಕಾಫಿ ಬೀಜ ಬಾಟಲಿಯ ಪಕ್ಕದ ತಟ್ಟೆಯಲ್ಲಿ ಇಟ್ಟು, ದಿನಾ ಒಂದು ಬೀಜ ತೆಗೆಯುತ್ತಾರೆ. ಮಾತ್ರೆಗಿಂತ ಬೀಜ ಜಾಸ್ತಿ ಉಳಿದರೆ ನನ್ನ ಮನೆಗೆ ಬರುತ್ತಾರೆ.

ಮಾನ್ಯ ಜಿಲ್ಲಾಧಿಕಾರಿಗಳೇ, ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ಇಂಥ ಔಷಧಿ ಮುಂದುವರಿಸಬಹುದು ಅಂತ ಅಲ್ಲಿ ಮಾಡಿ ತೋರಿಸಿದ್ದರು. ನನ್ನ ಮೊದಲ ಬೇಡಿಕೆ ಅದೇ. ಮನೋವೈದ್ಯರು ಒಮ್ಮೆ ಬರೆದುಕೊಟ್ಟ ಮೇಲೆ ತಿಂಗಳ ಮಾತ್ರೆ ಹತ್ತಿರದ ಪಿಎಚ್‌ಸಿಯಲ್ಲಿ ಸಿಗಲಿ. ಸ್ಟಾಕ್ ಖಾಲಿಯಾಗುವ ಮೊದಲೇ ತರಿಸಲಿ. ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ಅಂತ ಮನೆಗೆ ಬರುತ್ತಾರೆ, ಇದನ್ನೂ ಅದೇ ಸಾಲಿನಲ್ಲಿ ಕೇಳಲಿ, ಅಷ್ಟೇ ಮಾಮೂಲಿಯಾಗಿ.

ಎರಡನೆಯದು ಜೈಲಿನ ಗೇಟು. ಅದೇ 2017ರ ಕಾಯ್ದೆ ಜೈಲಿನ ವೈದ್ಯರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಡಬೇಕು ಅನ್ನುತ್ತದೆ. ನಾನು ಕೇಳುವುದು ಅದಕ್ಕಿಂತ ಸಣ್ಣದು. ಬಿಡುಗಡೆಯ ದಿನ ಕನಿಷ್ಠ ಒಂದು ತಿಂಗಳ ಮಾತ್ರೆ, ಕನ್ನಡದಲ್ಲಿ ಬರೆದ ಒಂದು ಚೀಟಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಒಂದು ಫೋನ್. ಒಳಗಿದ್ದಾಗಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ಬಂದು, ಮನೆಯವರನ್ನು ಕರೆಸಿ, ಇವನಿಗೆ ಮೊದಲು ಹೀಗೆ ಆಗಿತ್ತಾ ಅಂತ ಕೇಳಲಿ. ಬಂಧನದಲ್ಲಿರುವವರಿಗೆ ಉಚಿತ ವಕೀಲರು 1987ರ ಕಾಯ್ದೆಯಿಂದ ಬಂದ ಹಕ್ಕು, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ ಅಂತ ನನಗೇ ಗೊತ್ತಿರಲಿಲ್ಲ. ಲೈನ್ ಮನೆಯ ತಾಯಿಗೆ ಹೇಗೆ ಗೊತ್ತಿರಬೇಕು?

ಮೂರನೆಯದು ಪೊಲೀಸರದ್ದು. ಸುತ್ತಮುತ್ತ ಎಲ್ಲಿ ಕಾಫಿ ಚೀಲ ಕಳುವಾದರೂ ಜೀಪು ಮೊದಲು ನಿಲ್ಲುವುದು ಅವನ ಬಾಗಿಲಲ್ಲಿ. ಅವನ ಮೇಲೆ ಕಳ್ಳತನದ ಕೇಸು ಯಾವತ್ತೂ ಇರಲಿಲ್ಲ. ಎರಡು ಸಲ ಸಿಕ್ಕ ಕೂಲಿ ಕೆಲಸ ಜೀಪು ಬಂದು ಹೋದದ್ದಕ್ಕೇ ತಪ್ಪಿತು. ವಿಚಾರಿಸುವುದಿದ್ದರೆ ವಿಚಾರಿಸಲಿ, ಕೆಲಸದ ಜಾಗಕ್ಕೆ ಬಂದು, ಆಳುಗಳ ಎದುರು ಬೇಡ.

ಒಂದು ಕಾಗದದ ಗೋಳೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಮಾಡಿಸು, ಪಿಂಚಣಿಗೆ ಅರ್ಜಿ ಹಾಕಬಹುದು ಅಂದೆ. ಅವನು ಒಪ್ಪುತ್ತಿಲ್ಲ. "ಅಣ್ಣ, ಈಗ ಬಾಯಲ್ಲಿ ಹುಚ್ಚ ಅಂತಾರೆ. ಆಮೇಲೆ ಕಾರ್ಡಲ್ಲೂ ಇರುತ್ತಲ್ಲ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಮತ್ತೆ ಸಾಹುಕಾರರ ಹತ್ತಿರ. ದಾನ ಕೇಳುತ್ತಿಲ್ಲ, ಕೆಲಸ ಕೇಳುತ್ತಿದ್ದೇನೆ. ರೈಟರ್ ಆಗಿದ್ದವನು ನಾನು, ಯಾವ ಕೆಲಸಕ್ಕೆ ಯಾರು ಆಗುತ್ತಾರೆ ಅಂತ ಹೇಳಬಲ್ಲೆ. ಅವನನ್ನು ಮರ ಹತ್ತಿಸಬೇಡಿ. ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ಮೆಣಸಿನ ಏಣಿಯೂ ಬೇಡ. ಆದರೆ ನರ್ಸರಿಯಲ್ಲಿ ಪ್ಯಾಕೆಟ್‌ಗೆ ಮಣ್ಣು ತುಂಬುವುದು ಆಗುತ್ತದೆ. ಕಣದಲ್ಲಿ ಕಾಫಿ ಹರಡುವುದು, ಕೆದಕುವುದು, ಸಂಜೆ ರಾಶಿ ಮಾಡಿ ಟಾರ್ಪಲ್ ಮುಚ್ಚುವುದು ಆಗುತ್ತದೆ. ಹೋದ ಜನವರಿಯಲ್ಲಿ ನನ್ನ ಎರಡು ಎಕರೆಯ ಕಾಫಿಯನ್ನು ಅವನೇ ಒಣಗಿಸಿದ್ದು. ಹಿಡಿ ಚೆರಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಬೀಜ ಗಲಗಲ ಅನ್ನುವವರೆಗೂ ಚೀಲಕ್ಕೆ ತುಂಬಲು ಬಿಡಲಿಲ್ಲ. ಒಂದು ಸಂಜೆ ಮೋಡ ಕಟ್ಟಿತು. ನಾನು ಮಲಗಿದ್ದೆ. ಅವನು ಲೈನಿನಿಂದ ಓಡಿ ಬಂದು ಒಬ್ಬನೇ ಕಣ ಪೂರ್ತಿ ಮುಚ್ಚಿ, ಅಂಚಿಗೆಲ್ಲ ಕಲ್ಲಿಟ್ಟು, ನನ್ನನ್ನು ಎಬ್ಬಿಸದೆ ಹೋಗಿದ್ದ.

ನನ್ನ ಕಣ ಸಣ್ಣದು. ಅವನಿಗೆ ಹದಿನೈದು ದಿನದ ಕೆಲಸ ಕೊಡಬಹುದು, ವರ್ಷದ್ದು ಕೊಡಲಾರೆ.

ಜಿಲ್ಲಾಧಿಕಾರಿಗಳು ಈ ಕೊಯ್ಲು ಶುರುವಾಗುವ ಮೊದಲು ಬೆಳೆಗಾರರು, ಆರೋಗ್ಯ ಇಲಾಖೆ, ಪೊಲೀಸರು, ಜೈಲಿನವರು ಎಲ್ಲರನ್ನೂ ಕೂರಿಸಿ ಒಂದು ಸಭೆ ಮಾಡಲಿ ಅಂತ ಕೇಳಿಕೊಳ್ಳುತ್ತೇನೆ. ಕರೆದರೆ ನಾನೂ ಬರುತ್ತೇನೆ. ಜೈಲಿಂದ ಬಂದವರ, ಮಾತ್ರೆ ನುಂಗುವವರ ತಾಯಂದಿರನ್ನೂ ಕರೆಯಿರಿ, ಕೊನೆಯ ಸಾಲಿನಲ್ಲಿ ಅಲ್ಲ.

ಕಣಕ್ಕೆ ಆಳು ಬೇಕಾದ ಸಾಹುಕಾರರು ಹೇಳಿ ಕಳಿಸಿ. ಅವನು ಬೆಳಿಗ್ಗೆ ಎಂಟಕ್ಕೆ ಬರುತ್ತಾನೆ, ಏಳೂವರೆಗೆ ಆಗುವುದಿಲ್ಲ. ಆ ಅರ್ಧ ಗಂಟೆ ಸಂಜೆ ನಿಂತು ಮಾಡುತ್ತಾನೆ. ತಿಂಗಳಿಗೆ ಒಂದು ಮಂಗಳವಾರ ಬರುವುದಿಲ್ಲ, ಯಾಕೆ ಅಂತ ಕೇಳಬೇಡಿ. ಹೆಸರು ಹಿಡಿದು ಕರೆಯಿರಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತೋಟದ ರೈಟರ್,
ಕೊಡಗು